ಸೂಜಿ ಲೆಕ್ಕ

ಸಂಜೆ ಆರೂವರೆಗೆ ವಾರ್ಡನ್ ಎರ್ರೆಪ್ಪ
ತಗಡಿನ ಡಬ್ಬಿ ಮುಂದೆ ಹಿಡೀತಾನ.
ನಾಲ್ಕು ಸೂಜಿ, ಒಂದು ಕತ್ತರಿ.
ನಾನು ಎಣಿಸಿ ಹಾಕ್ತೀನಿ, ಅವನೂ ಎಣಿಸ್ತಾನ.
"ನಿನ್ನ ಮ್ಯಾಲೆ ನಂಬಿಕಿ ಇಲ್ಲಂತಲ್ಲೋ ಗಾದಿಲಿಂಗ,
ಸೂಜಿ ಮ್ಯಾಲೆ ಇಲ್ಲ."

ಇವತ್ತಿಗೆ ನೂರಾ ಹನ್ನೆರಡು ದಿನ.
ಗೋಡೆಗೆ ಗೆರೆ ಎಳೆಯೋರು ಎಳೀತಾರ.
ನನಗೆ ಗೊತ್ತಿರೋದು ಡಜನ್ ಲೆಕ್ಕ:
ಒಂಬತ್ತು ಡಜನ್, ಮ್ಯಾಲೆ ನಾಕು.

ಕೌಲ್ ಬಜಾರಿನ ಮಹಡಿ ಮೇಲಿನ ಯೂನಿಟ್ಟಿನಲ್ಲಿ
ಹದಿನೇಳು ವರ್ಷ ಜೇಬು ಹೊಲಿದೆ.
ಬರೀ ಜೇಬು.
ಸೊಂಟದ ಪಟ್ಟಿಗೆ ಒಬ್ಬ, ಜಿಪ್ಪಿಗೆ ಇನ್ನೊಬ್ಬ,
ಪೂರ್ತಿ ಪ್ಯಾಂಟು ಹೊಲಿದವ ನಮ್ಮಲ್ಲಿ ಯಾರೂ ಇಲ್ಲ.
ಬೆರಳ ಸಂದಿಯ ನೀಲಿ ಯಾವ ಸೋಪಿಗೂ ಹೋಗ್ತಿರಲಿಲ್ಲ.

ಜೇಬಿನ ಗುಣ ನನಗೆ ಗೊತ್ತು.
ಹೊರಗಿಂದ ಎರಡು ಸಾಲು ಹೊಲಿಗೆ,
ಒಳಗೆ ಒಂದು ಕೋಣೆ.
ನೈಂಟಿ ಪಾಕೀಟು ಅಲುಗದೆ ಕೂರುವ ಅಳತೆ
ಹೆಬ್ಬೆಟ್ಟಿಗೆ ಬಾಯಿಪಾಠ.
ಕತ್ತರಿಸಿಟ್ಟ ಬಟ್ಟೆಯ ಗಂಟಿನಡಿ ಒಂದು,
ಮಷೀನೆಣ್ಣೆ ಡಬ್ಬಿ ಹಿಂದೆ ಒಂದು,
ಊಟದ ಹೊತ್ತಿಗೆ ಎರಡೂ ಖಾಲಿ.
ತಂದುಕೊಡುತ್ತಿದ್ದವ ಮಾಬು,
ದಾರದ ಕೂಳೆ ಕತ್ತರಿಸೋ ಹುಡುಗ,
ಮೀಸೆ ಇನ್ನೂ ಬಂದಿರಲಿಲ್ಲ.
ಚಿಲ್ಲರೆ ನೀನೇ ಇಟ್ಕೋ ಅಂತಿದ್ದೆ.
ಒಂದು ದಿನ ಚಿಲ್ಲರೆ ಇರಲಿಲ್ಲ.
ಒಂದು ಗುಟುಕು ಇತ್ತು.

ಕೊಳಗಲ್ಲು ರಸ್ತೆಯ ಈ ಕಟ್ಟಡದಲ್ಲಿ ಮೊದಲ ವಾರ
ಗೋಡೆ ಮೇಲೆ ಕಾಲುಗಳು ನಡೆದವು,
ಬರೀ ಕಾಲು, ಸೊಂಟವಿಲ್ಲ,
ಸಾಲುಗಟ್ಟಿ ನನ್ನ ಸರದಿಗೆ ಕಾಯುತ್ತ.
ಪಕ್ಕದ ಮಂಚದ ಹೊನ್ನೂರಸಾಬ್,
ಸಂಡೂರಿನ ಅದಿರು ಲಾರಿ ಓಡಿಸಿದವ,
ರಾತ್ರಿಯಿಡೀ ಗಾಳಿಯಲ್ಲಿ ಗೇರ್ ಬದಲಿಸಿದ.
ಬೆಳಿಗ್ಗೆ ಒಬ್ಬರ ಮುಖ ಒಬ್ಬರು ನೋಡದೆ
ಗಂಜಿ ಕುಡಿದೆವು.

ಭಾನುವಾರ ಹನುಮಕ್ಕ ಒಗ್ಗರಣಿ ಮಿರ್ಚಿ ತರ್ತಾಳ.
ಗೇಟಿನಲ್ಲಿ ಮಿರ್ಚಿ ಒಂದೊಂದೇ ಮುರಿದು ನೋಡ್ತಾರ.
ಮೊದಲ ಸಲ ಆಕೆ ಅಂದದ್ದು ಇಷ್ಟೇ:
"ಮನ್ಯಾಗ ನಾನೂ ಹಿಂಗಽ ನೋಡ್ತಿದ್ನೆಲ್ಲಾ, ಏಳು ವರ್ಷ."

ಇಲ್ಲಿ ಯಾರಿಗೂ ಜೇಬಿಲ್ಲ.
ಬಂದವರ ಪ್ಯಾಂಟು, ಪೈಜಾಮ, ಅಂಗಿ,
ಎಲ್ಲದರ ಬಾಯಿ ಹೊಲಿಯೋದು ನನ್ನ ಕೆಲಸ,
ನಡುಕ ನಿಂತ ಮೇಲೆ ವನಜಾಕ್ಷಿ ಮೇಡಂ ಕೊಟ್ಟದ್ದು.
ಕೆಲವು ನನ್ನವೇ ಜೇಬು.
ಮೂಲೆಯಲ್ಲಿ ಮೂರು ಸಲ ತಿರುಗಿ ಬಂದ ದಾರ,
ಅದು ನನ್ನ ಕೈ.

ಇವತ್ತು ಮಧ್ಯಾಹ್ನ ಒಂದು ಜೀನ್ಸ್ ಬಂತು.
ಮೂರು ಸಲ ತಿರುಗಿದ ದಾರ.
ಒಳಗೆ ಬೆರಳು ಹಾಕಿದೆ:
ನೀಲಿ ಜುಂಗು, ಬೀಡಿ ಪುಡಿ,
ಹಲ್ಲಲ್ಲಿ ಕಚ್ಚಿ ಹರಿದ ಪಾಕೀಟಿನ ಮೂಲೆ.
ತಲೆ ಎತ್ತಿದರೆ ಬಾಗಿಲಲ್ಲಿ, ಯಾರದೋ ಲುಂಗಿಯಲ್ಲಿ,
ಮಾಬು.
ಮೀಸೆ ಬಂದಿದೆ.
ಕತ್ತು ಕೋಳಿಮರಿದು.

ಅವನು ಬೈಯಲಿಲ್ಲ. ಬೈದಿದ್ದರೆ ಒಂದು ನಮೂನಿ ಇರ್ತಿತ್ತು.
ಬಲ ಜೇಬು ಮುಚ್ಚಿ ಎಡಕ್ಕೆ ಬಂದೆ.
"ಉಸ್ತಾದ್," ಅಂದ,
"ಇನ್ನ ಕೈ ಎಲ್ಲಿ ಇಟ್ಕೊಳ್ಳಿ?"

ಹಿಡಿ ಅಂತ ದಾರದ ತುದಿ ಕೊಟ್ಟೆ.
ಅವನ ಬೆರಳಲ್ಲಿ ಅದು ನಡುಗಿತು,
ನನ್ನ ಸೂಜಿವರೆಗೂ ನಡುಗಿತು.

ಆರೂವರೆ. ಎರ್ರೆಪ್ಪ ಡಬ್ಬಿ ಹಿಡಿದ.
ಕತ್ತರಿ. ಸೂಜಿ ಮೂರು.
ನಾಕನೇದು ಎಡ ಜೇಬಿನ ಬಾಯಲ್ಲಿ
ಅರ್ಧ ಹೊಲಿಗೆಗೆ ನಿಂತಿತ್ತು.
ಅವನು ನನ್ನ ನೋಡಿದ, ಹುಡುಗನ್ನ ನೋಡಿದ,
ಡಬ್ಬಿ ನೆಲಕ್ಕಿಟ್ಟು
ಬಾಗಿಲಿಗೆ ಬೆನ್ನು ಕೊಟ್ಟು ಕೂತ.