ತೊಗರಿ ಹೂವಿನ ಆರ್ಡರ್

ಶಹಾಬಾದ್ ಪರ್ಸಿ ಮ್ಯಾಲ ಕಾರ್ನ್‌ಫ್ಲೋರ್ ಉದುರಿಸಿ
ಹಳದಿ ಫಾಂಡಂಟ್ ಉಂಡಿ ಇಟ್ಟೀನಿ.
ಕಲಬುರಗಿ, ಮೇ ತಿಂಗಳು. ಕರೆಂಟ್ ಹೋಗ್ಯಾದ.
ಲಟ್ಟಿಸೂದ್ರಾಗ ಅದಕ್ಕೂ ಬೆವರು, ನನಗೂ.

ಬಾಗಲದಾಗ ಕುಂತ ಅತ್ತಿ ಅಂತಾಳ:
"ಬಡಿಯೂ ಕೈಗೆ ಲಟ್ಟಣಗಿ ಯಾಕವಾ,
ಒಂದ್ಸಲ ನನ್ನ ಕಡಿ ಕೊಡು."

ಅಂಚು ಬಿರೀತು.
ಅತ್ತಿ ಎದ್ದು ಬಂದಳು, ಬೆರಳು ನೀರಾಗ ಅದ್ದಿ,
ರೊಟ್ಟಿ ಬಿರಿದಾಗ ಮಾಡೂ ಹಂಗ.
ಮಣಿಕಟ್ಟು ಹಿಡದೆ: ನೀರಲ್ಲ, ಡಾಲ್ಡಾ.
"ಇದೆಂಥಾ ಹಿಟ್ಟವಾ" ಅಂದಳು, ಸವರಿದಳು.
ಬಿರುಕು ಕೂಡ್ತು. ಆಕಿ ಬೆರಳಿನ ಗುರುತು ಉಳೀತು.

ದಾಲ್ ಮಿಲ್ ಹಮಾಲ ಮೈಲಾರಿಯ ಮಗಳು
ಎಸ್ಸೆಸ್ಸೆಲ್ಸಿ ಪಾಸಾಗ್ಯಾಳ.
ಗುಲಾಬಿ ಒಲ್ಲೆ ಅಂದಾಳ, ಚಿಟ್ಟಿ ಒಲ್ಲೆ;
ತೊಗರಿ ಹೂವು ಬೇಕಂತ.
ಅದರ ಅಚ್ಚು ಯಾವ ಅಂಗಡ್ಯಾಗೂ ಇಲ್ಲ,
ಹೊಲದಾಗೂ ಈಗ ಹೂವಿಲ್ಲ.

ನೆನಪು ಮಾಡಿ ಕೊರೀತೀನಿ, ಚಮಚದ ತುದೀಲೆ:
ಒಂದು ದೊಡ್ಡ ಎಸಳು ನೆಟ್ಟಗ ನಿಂತಿರ್ತದ,
ಸಣ್ಣವು ಬಾಯಿ ಮುಚ್ಚಿಕೊಂಡಿರ್ತಾವ.
ಬೆನ್ನಿಗೆ ಕೆಂಪು ಗೆರಿ, ನರದ ಹಂಗ.
"ಬೆನ್ನು ಯಾರು ನೋಡ್ತಾರ?" ಅತ್ತಿ ಕೇಳ್ತಾಳ.

ಮೈಲಾರಿ ಮಗಳು ನೋಡ್ತಾಳ.
ಆ ಕುಂಚ ಕೊಡು ಇಲ್ಲಿ.