ಕೆಂಚನಕೋಟಿ ದೇಶದ ಗದ್ದಗಳು

ಹನ್ನೊಂದು ಹಳ್ಳಿ, ಎರಡು ಕೆರಿ, ಒಂದು ತೋಪು.
ಆ ತೋಪೂ ಒಮ್ಮೆ ಹಾರಿಸಿದ್ದು,
ಸಂತಿ ಎತ್ತು ಬೆದರಿ ಓಡಿದ್ದು ಅಷ್ಟ.
ಇಷ್ಟಕ್ಕ ದೇಶ ಅಂತಿದ್ದ ನಮ್ಮಜ್ಜ.
ಹಡಪ ಬಗಲಾಗ ಹಿಡಕೊಂಡು ಮುಂಜಾನೆ ಹೊಂಟ್ರ
ಮಧ್ಯಾಹ್ನದೊಳಗ ದೇಶ ದಾಟಿ
ಹಾವೇರಿ ಪ್ಯಾಟ್ಯಾಗಿನ ಯಾಲಕ್ಕಿ ವಾಸನಿ ಮೂಗಿಗೆ ಬಡೀತಿತ್ತಂತ.

ತಲಿ ಹಂಗ ಇಡ್ರಿ ಮಾಸ್ತರ, ಅಲ್ಲಾಡಬ್ಯಾಡ್ರಿ.

ನೀವು ಸಾಲ್ಯಾಗ ಇಸವಿ ಕಲಸ್ತೀರಿ.
ನಮ್ಮ ಮನ್ಯಾಗ ಇಸವಿ ಇಲ್ಲ, ಗದ್ದ ಅದಾವ.
ಮೊದಲನೇ ದೇಸಾಯರದು ಸೀಳುಗದ್ದ,
ನಡುವ ಕತ್ತಿ ತಿರಗತಿದ್ದಿಲ್ಲ.
ಕಪ್ಪ ಕೇಳಾಕ ಬಂದ ಪೇಶ್ವೆ ಮಂದಿಗೆ
ಹೂಂ ಅನ್ನದ, ಊಹೂಂ ಅನ್ನದ
ಮೂರು ವರ್ಷ ಊಟ ಹಾಕಿ ಕಳಿಸಿದ್ರು.
ಮಗನಿಗೆ ಗದ್ದಾನ ಇದ್ದಿಲ್ಲ, ತುಟಿ ಕೆಳಗ ಸೀದಾ ಕೊಳ್ಳು:
ಬಿಳೀ ಸಾಹೇಬರ ಮುಂದ ಬಗ್ಗಿ ಬಗ್ಗಿ ಸವದಿತ್ತು
ಅಂತಿದ್ಲು ನಮ್ಮಾಯಿ.

ಆಮ್ಯಾಲೆ ನೀಲಾಂಬಿಕಾ ದೇಸಾಯಿಣಿ.
ಆಕಿದು ನಮಗೇನೂ ಗೊತ್ತಿಲ್ಲ.
ನಮ್ಮ ಇತಿಹಾಸದಾಗ ಹದಿನಾಲ್ಕು ವರ್ಷ ಖಾಲಿ.
ಊರಾಗಿನ ಬಾವಿ ಅಷ್ಟೂ
ಆ ಹದಿನಾಲ್ಕು ವರ್ಷದಾಗ ತೋಡಿದ್ದಾವು.

ಕಡೀ ದೇಸಾಯರ ಕಾಲಕ್ಕ ಪ್ರಜಾಪರಿಷತ್ತು ಬಂತು.
ಚೆನ್ನವೀರಪ್ಪ ಕಬ್ಬೂರ, ಧಾರವಾಡದಾಗ ಓದಿದಾಂವ,
‘ಹನ್ನೊಂದು ಹಳ್ಳಿಯಾದ್ರೇನು, ಓಟು ಕೊಡ್ರಿ’ ಅಂತ
ಅಗಸಿ ಬಾಗಲದಾಗ ಕುಂತ.
ಒಯ್ದು ಕುದುರಿ ಲಾಯದಾಗ ಹಾಕಿದ್ರು.
ಜೈಲು ಇದ್ದಿಲ್ಲ. ಕುದುರಿನೂ ಇದ್ದಿಲ್ಲ.
ಅಜ್ಜಗ ಹುಕುಂ: ತಲಿ ಬೋಳಿಸು.
ಬೋಳಿಸಿದ. ಖಜಾನಿ ಕೊಟ್ಟ ಎರಡಾಣೆ
ಗ್ವಾದಲಿ ಮ್ಯಾಲ ಇಟ್ಟು ಬಂದ.

ಮರುದಿನ ಅದ ಕತ್ತಿ, ದೊರೀ ಕೊಳ್ಳಿಗೆ.
‘ಕತ್ತಿ ಮೊಂಡಾಗೇತಲ್ಲೋ ಗುರುಶಾಂತ?’
‘ಹೌದ್ರೀ ಧಣಿ, ನಿನ್ನಿ ಕೂದಲಾ ಭಾಳ ಗಟ್ಟಿ ಇದ್ದುವು.’
ಕನ್ನಡ್ಯಾಗ ಒಬ್ಬರನೊಬ್ಬರು ನೋಡಿದ್ರಂತ.
ಅಜ್ಜನ ಕೈ ನಡಗಲಿಲ್ಲ.
ನಡಗಬೇಕಿತ್ತೇನೋ ಅಂತ ಸಾಯೂತನಕ ಅಂತಿದ್ದ.

ವಿಲೀನದ ಕಾಗದಕ್ಕ ಸಹಿ ಮಾಡೂ ಮುಂಜಾನೆ
‘ಮೀಸಿ ತಗದುಬಿಡು’ ಅಂದ್ರು ದೇಸಾಯರು.
ತಗದ ಮ್ಯಾಲ, ಅವರು ಸಾಕಿದ ನಾಯಿ
ಗುರುತು ಸಿಗದ ಬೊಗಳಿತು.
ದೇಶ ಮುಗದಾಗ ಆದ ಸಪ್ಪಳ ಅದೊಂದ.

ಚೆನ್ನವೀರಪ್ಪ ಎರಡು ಸಲ ಎಮ್ಮೆಲ್ಲೆ ಆದ.
ಕ್ರಾಪು ಬಿಟ್ಟ, ಹುಬ್ಬಳ್ಳ್ಯಾಗ ಕಟಿಂಗ್ ಮಾಡಿಸ್ಕೊಳ್ಳಾಕ ಹತ್ತಿದ.
ತಪ್ಪಲ್ಲ ಬಿಡ್ರಿ. ನಮ್ಮ ಕೈ ಅಂದ್ರ
ಲಾಯ ನೆನಪಾಗತಿತ್ತೋ ಏನೋ.

ದೇಶ ಈಗೂ ಐತಿ. ಹಾವೇರಿ ಬಸ್ಸು
ಕೈ ಮಾಡಿದ್ರ ನಿಂದರತೈತಿ.
ತಡೀರಿ, ಎಡಗಡೆ ಕಿವಿ ಹಿಂದ
ಇನ್ನೊಂದೀಟು ಉಳದೈತಿ.