ನಲವತ್ತು ನಿಮಿಷ

ಹತ್ತೊಂಬತ್ತು ದಿನ ಅಲ್ಲಿ ಏನು ಮಾಡಿದೆ ಅಂತ
ಎಲ್ಲರೂ ಕೇಳುತ್ತಾರೆ.
ಮಾಲಕ ಕೇಳಿದ್ದು ಫೋನಿನಲ್ಲಿ, ಬೈಯುವ ದನಿಯಲ್ಲಿ:
'ಏನ್ ಮಾಡಾಕತ್ತಿಯೋ ಫಕ್ಕೀರಾ, ಬೀಗರ ಮನ್ಯಾಗ ಕುಂತಂಗ?'

ಜೋಗಕ್ಕೆ ಇನ್ನೊಂದೇ ತಿರುವು ಅನ್ನುವಾಗ
ಗೇರ್‌ಬಾಕ್ಸು ಕೈಕೊಟ್ಟಿತು.
ಮಂದಿಯನ್ನು ಬೇರೆ ಬಸ್ಸಿಗೆ ಹತ್ತಿಸಿ
ಮುರ್ಡೇಶ್ವರಕ್ಕೆ, ಕಡಲಿಗೆ ಕಳಿಸಿದ್ದಾಯಿತು.
ಉಳಿದದ್ದು ಪಾರ್ಕಿಂಗಿನ ಮೂಲೆಯಲ್ಲಿ ಬಸ್ಸು, ನಾನು,
ಹುಬ್ಬಳ್ಳಿಯಿಂದ ಬರಬೇಕಾದ ಒಂದು ಹಲ್ಲಿನ ಗಾಲಿ.
ಮೊದಲು ಬಂದದ್ದು ಬೇರೆ ಗಾಡಿಯದ್ದು.
ವಾಪಸು ಕಳಿಸಿ ಮತ್ತೆ ಕಾಯ್ದೆ.

ಹದಿನಾಲ್ಕು ವರ್ಷ ಜನರಿಗೆ ನಾನೇ ಹೇಳಿದವನು:
'ನಲವತ್ತು ನಿಮಿಷ. ನೋಡ್ರಿ, ಫೋಟೊ ತಕ್ಕೊಳ್ರಿ,
ಹೊಟ್ಟಿಗೆ ಏನರ ತಿನ್ರಿ, ಬರ್ರಿ.'
ಅವರು ಇಳಿದ ಮೇಲೆ ಹಿಂದಿನ ಸೀಟಿನಲ್ಲಿ ಅಡ್ಡಾಗಿ
ಮುಖಕ್ಕೆ ಟವೆಲು ಹಾಕಿಕೊಂಡರೆ
ನೀರಿನ ಸದ್ದು ಕೂಲರಿನ ಸದ್ದಿನಂತೆ ಹಿತ.
ರಾತ್ರಿಯೆಲ್ಲ ಓಡಿಸಿದವನಿಗೆ ಅಷ್ಟೇ ಜಲಪಾತ.

ಮೊದಲ ದಿನ ಸೀಟಿನ ಕವರು ಒಗೆದೆ, ನಲವತ್ತೊಂಬತ್ತು.
ಬೇಲಿಯ ಮೇಲೆ ಒಣಹಾಕಿದರೆ
ಯಾರೋ ಅಂಗಡಿ ಅಂದುಕೊಂಡು ರೇಟು ಕೇಳಿದರು.
ಸೀಟಿನಡಿ ಸಿಕ್ಕಿದ್ದು ಒಂಟಿ ಕಾಲ್ಗೆಜ್ಜೆ,
ಬಾಯಿ ಕಟ್ಟಿದ ಶೇಂಗಾ ಹಿಂಡಿಯ ಚೀಲ,
ಯಾರದೋ ಹಲ್ಲಿನ ಸೆಟ್ಟು.
ನನಗೂ ಒಂದು ಹಲ್ಲು ಬೇಕಿತ್ತು ನಿಜ,
ಆದರೆ ಇದಲ್ಲ.

ಅನಾನಸು ಮಾರುವ ಗುತ್ಯಮ್ಮ
ಮೂರನೇ ದಿನ ಕೈಗೆ ಚಾಕು ಕೊಟ್ಟಳು.
'ಸುಮ್ನೆ ಕೂತು ಎಂತ ಮಾಡ್ತ್ರಿ?'
ಹಣ್ಣಿನ ಕಣ್ಣು ಓರೆಯಾಗಿ ತೆಗೆಯಬೇಕು,
ಘಾಟಿಯಲ್ಲಿ ಸ್ಟೇರಿಂಗು ತಿರುಗಿಸಿದ ಹಾಗೆ, ಸ್ವಲ್ಪ ಸ್ವಲ್ಪ.
ಉಪ್ಪು ಖಾರ ಮಾತ್ರ ಅವಳೇ ಹಚ್ಚುತ್ತಾಳೆ.
ಅದನ್ನು ಯಾರಿಗೂ ಬಿಡುವುದಿಲ್ಲ.

ಫೋಟೊ ಇನಾಸ, ಬೇಸಿಗೆಯಲ್ಲಿ ಬಂದವರ ಬೆನ್ನಿಗೆ
ಮಳೆಗಾಲದ ನೀರು ಸೇರಿಸಿ ಕೊಡುತ್ತಾನೆ,
ಹತ್ತು ರೂಪಾಯಿ ಹೆಚ್ಚು.
ನನ್ನದೂ ಒಂದು ತೆಗೆದ. ಮನೆಗೆ ಕಳಿಸಿದೆ.
'ಎಷ್ಟ್ ನೀರ್ರೀ ಅಲ್ಲಿ!' ಅಂದಳು ಹೆಂಡತಿ.
ಇರಲಿ ಅಂತ ಸುಮ್ಮನಾದೆ.

ಒಂದು ದಿನ ಟೆಂಪೊ ಹಿಡಿದು ತಾಳಗುಪ್ಪಕ್ಕೆ ಹೋದೆ,
ರೈಲಿನ ಹಳಿ ಮುಗಿಯುವುದನ್ನು ನೋಡಲಿಕ್ಕೆ.
ನಿಜವಾಗಿ ಮುಗಿಯುತ್ತದೆ. ಅಡ್ಡ ಒಂದು ತಡೆ, ಆಚೆ ಹುಲ್ಲು,
ಹುಲ್ಲಿನಲ್ಲಿ ಒಂದು ಎಮ್ಮೆ.
ರಸ್ತೆ ಹೀಗೆ ಮುಗಿದದ್ದನ್ನು ನಾನು ಕಂಡಿಲ್ಲ;
ಎಲ್ಲಿ ನಿಂತರೂ ಮುಂದಿನ ಊರಿಗೆ ಇಷ್ಟು ಅಂತ
ಒಂದು ಕಲ್ಲು ಹೇಳುತ್ತಲೇ ಇರುತ್ತದೆ.
ಬಹಳ ಹೊತ್ತು ನಿಂತೆ. ಎಮ್ಮೆಯೂ ನಿಂತಿತ್ತು.

ಜಲಪಾತ?
ಹನ್ನೊಂದನೇ ದಿನದವರೆಗೂ ನೋಡಲಿಲ್ಲ. ನಾಚಿಕೆ.
ಇಷ್ಟು ವರ್ಷದ ಮೇಲೆ ಹೊಸಬನ ಹಾಗೆ
ಕಂಬಿಗೆ ಒರಗಿ ನಿಂತರೆ ಗುತ್ಯಮ್ಮ ಏನೆಂದಾಳು?
ಅವಳು ಬುಟ್ಟಿ ಕಟ್ಟಿ ಹೊರಟ ಮೇಲೆ ಹೋದೆ.
ರಾಜನಿಗೆ ಹಗ್ಗದಷ್ಟು ನೀರು.
ರಾಣಿಯ ಬಂಡೆಗೆ ಬರೀ ಒದ್ದೆ ಗುರುತು.
ಬಾಕಿ ಇಬ್ಬರು ಎಲ್ಲಿದ್ದರೋ ಗೊತ್ತಾಗಲಿಲ್ಲ.
ಇಷ್ಟೇನಾ ಅಂದುಕೊಂಡೆ. ವಾಚು ನೋಡಿದೆ, ರೂಢಿ.
ಹತ್ತು. ಇಪ್ಪತ್ತು.
ನಲವತ್ತೂ ಆಯಿತು.

ಆಗ ಗಾಳಿ ಕೆಳಗಿನಿಂದ ಬಂತು,
ಆ ಹಗ್ಗವನ್ನು ಅರ್ಧದಲ್ಲಿ ಎತ್ತಿ ಹಿಡಿಯಿತು.
ಇಳಿಜಾರಿನಲ್ಲಿ ಬ್ರೇಕು ಒತ್ತಿದ ಹಾಗೆ
ನೀರು ನಿಂತಿತು, ನಡುಗುತ್ತ, ಕೆಳಗೆ ಬರದೆ.
ಎಷ್ಟು ಹೊತ್ತು ಅಂತ ಹೇಳಲಾರೆ.
ಆಮೇಲೆ ಬಿಟ್ಟಿತು.

ಮರುದಿನವೂ ಹೋದೆ. ಅದರ ಮರುದಿನವೂ.
ಮತ್ತೆ ಹಾಗಾಗಲಿಲ್ಲ.

ಗಾಲಿ ಬಂದು ಗಾಡಿ ಹೊರಟ ಬೆಳಿಗ್ಗೆ
ಗುತ್ಯಮ್ಮ ಒಂದು ಇಡೀ ಹಣ್ಣು ತಂದಿಟ್ಟಳು ಇಂಜಿನ್ನಿನ ಮೇಲೆ.
'ಹೆಚ್ಚೂದು ಈಗ ನಿಮಗೇ ಬತ್ತದಲ.'

ಈಗ ಜನ ಇಳಿಯುವಾಗ ಹೇಳುತ್ತೇನೆ:
'ಐವತ್ತು ನಿಮಿಷ.'
ಅಷ್ಟೊತ್ತು ಏನೈತ್ರಿ ಅಲ್ಲಿ, ಅನ್ನುತ್ತಾರೆ ಕೆಲವರು.
ಏನೂ ಇಲ್ರಿ, ಅನ್ನುತ್ತೇನೆ.
ಇಂಜಿನ್ನು ಕಾದೈತಿ, ಆರಬೇಕು.